ಜೇಬಿನಲ್ಲಿ ಸಿಕ್ಕಿದ್ದು

ಮೇ 4

ದ್ವೀಪದ ದೊರೆಗಳಿಗೆ,

ನಿಮ್ಮ ಪತ್ರ ದೋಣಿಯವನ ಬನಿಯನ್ನಿನೊಳಗೆ ಬೆಚ್ಚಗೆ ಕೂತು ಬಂದು ತಲುಪಿತು. ಒಂದು ಮೂಲೆಗೆ ಉಪ್ಪುನೀರು ತಾಗಿ, ಗಂಜಿ ಹಾಕಿದ ಕಾಲರಿನ ಹಾಗೆ ನೆಟ್ಟಗೆ ನಿಂತಿದೆ. ಹವಾಮಾನ ಇಲಾಖೆಯವರು ನಿಮ್ಮನ್ನು ಆ ಬಂಡೆಯ ಮೇಲೆ ಕೂರಿಸಿ ಮೂರು ತಿಂಗಳಾಯಿತು. ಮೋಡ ನೋಡುವುದಕ್ಕೆ ಒಬ್ಬ ಗಂಡಸನ್ನು ಫೋನು ಕೂಡ ಇಲ್ಲದ ಜಾಗಕ್ಕೆ ಕಳಿಸಬೇಕೇ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಇಲ್ಲಿದ್ದಾಗಲೂ ಅವರು ಮೋಡದಲ್ಲೇ ಇರುತ್ತಿದ್ದರು ಎಂದು ಹೇಳಿ ಕಳಿಸುತ್ತೇನೆ.

ಲಾಂಡ್ರಿ ನಡೆಯುತ್ತಿದೆ. ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರ ಕೋಟಿನ ಜೇಬಿನಲ್ಲಿ ಹಲ್ಲಿನ ಸೆಟ್ಟು ಸಿಕ್ಕಿತು. ನಮ್ಮಪ್ಪನ ಕಾಲದ ಪದ್ಧತಿ ನಿಮಗೆ ಗೊತ್ತೇ ಇದೆ: ಜೇಬಿನಲ್ಲಿ ಸಿಕ್ಕಿದ್ದನ್ನು ಕಾಗದದ ಕವರಿಗೆ ಹಾಕು, ಬಟ್ಟೆಗೆ ಪಿನ್ ಮಾಡು, ಬಾಯಿ ಮುಚ್ಚು. ಹಾಗೇ ಮಾಡಿದೆ. ಮೇಷ್ಟ್ರು ಅಂಗಡಿಗೆ ಬಂದವರು ಕೈಸನ್ನೆಯಲ್ಲೇ ಕೋಟು ಕೇಳಿದರು. ಕವರು ಬಿಚ್ಚಿ, ಆ ಕಡೆ ತಿರುಗಿ, ಈ ಕಡೆ ತಿರುಗುವಷ್ಟರಲ್ಲಿ ಮಾತು ಬಂತು. "ತುಂಬಾ ಉಪಕಾರ ಆಯ್ತಮ್ಮ" ಅಂದರು. ನಾನು ಯಾವುದಕ್ಕೆ ಎಂದು ಕೇಳಲಿಲ್ಲ. ಕಲೆ ಯಾವುದು, ಎಷ್ಟು ಹಳೆಯದು, ಇಷ್ಟನ್ನೇ ಕೇಳಬೇಕು. ಹೇಗೆ ಬಿತ್ತು ಎಂದು ಕೇಳಿದರೆ ಗಿರಾಕಿ ಪಕ್ಕದ ಅಂಗಡಿ ಹುಡುಕುತ್ತಾನೆ ಎಂದು ಅಪ್ಪ ಹೇಳುತ್ತಿದ್ದದ್ದು ಎಷ್ಟು ನಿಜ.

ಗುಂಡಿ ಚೆನ್ನಾಗಿದ್ದಾಳೆ. ಸಂಜೆ ಈಜು ಮುಗಿಸಿ ಅಂಗಡಿಗೆ ಬಂದು ಇಸ್ತ್ರಿಗೆ ಕೈ ಹಚ್ಚುತ್ತಾಳೆ. ಹದಿನಾರು ತುಂಬಿದವಳನ್ನು ಇನ್ನೂ ಗುಂಡಿ ಎನ್ನಬೇಕೇ ಎಂದು ಮೊನ್ನೆ ಸಿಡುಕಿದಳು. ಎರಡು ವರ್ಷದವಳಿದ್ದಾಗ ಗಿರಾಕಿಯ ಅಂಗಿಯ ಗುಂಡಿ ನುಂಗಿದ್ದಕ್ಕೆ ನೀವಿಟ್ಟ ಹೆಸರು. ಗುಂಡಿ ಮಾರನೆಯ ದಿನವೇ ಹೊರಗೆ ಬಂತು, ಹೆಸರು ಬಂದಿಲ್ಲ.

ಈಜು ಮುಗಿಸಿ ಹಾಕಿಕೊಳ್ಳುವ ಅವಳ ಕೋಟಿಗೆ ಈಚೆಗೆ ಏನೋ ವಾಸನೆ. ಈಜುಕೊಳದ ಹಿಂದೆ ಒಣಗಿದ ಎಲೆ ಸುಡುತ್ತಾರಂತೆ. ಎರಡು ಸಲ ಒಗೆದೆ. ಸೋಪು ಬದಲಾಯಿಸಿದ್ದೇನೆ.

ಕಳೆದ ಸಲದ ನಿಮ್ಮ ಜೋಡಿ ಸಾಲು ಓದಿ ಅವಳು ನಕ್ಕಳು. "ಶಾಲೆಯ ಗಡಿಯಾರ ಕುಂಟುತ್ತಿದೆ, ಪಾಠ ಮುಗಿಯುವುದೇ ಇಲ್ಲ" ಎಂದು ಅವಳು ಬರೆದರೆ, "ದ್ವೀಪದ ಕೋಳಿ ಮುನಿಸಿಕೊಂಡಿದೆ, ಮೊಟ್ಟೆ ಇಡುವುದೇ ಇಲ್ಲ" ಎಂದು ನೀವು. ಅಪ್ಪ-ಮಗಳ ಈ ಆಟಕ್ಕೆ ನನ್ನ ಪತ್ರದ ಬುಡದಲ್ಲಿ ಜಾಗ ಬಿಟ್ಟು ಬಿಟ್ಟು ನನ್ನ ಸುದ್ದಿಗೇ ಜಾಗ ಇಲ್ಲವಾಗಿದೆ. ಇಗೋ, ಈ ಸಲದ ಸಾಲು, ಅವಳ ಕೈಬರಹದಲ್ಲೇ:

*ತಲೆಯ ತುಂಬಾ ಹತ್ತಿ, ಒಳಗೆ ಯಾರೂ ಮಾತಾಡುತ್ತಿಲ್ಲ.*

ನಿಮ್ಮವಳು


ಮೇ 19

ಲಾಂಡ್ರಿಯ ಒಡತಿಗೆ,

ಗಾಳಿ ನೈಋತ್ಯದಿಂದ, ಗೋಚರತೆ ಉತ್ತಮ, ಅಡುಗೆ ಅಧಮ. ಇಲ್ಲಿರುವ ನಾಲ್ಕು ಜನರಲ್ಲಿ ಮೂವರಿಗೆ ಅಡುಗೆ ಬರುವುದಿಲ್ಲ. ನಾಲ್ಕನೆಯವನಿಗೆ ಬರುತ್ತದೆ ಎಂಬ ಭ್ರಮೆ ಇದೆ. ಆ ನಾಲ್ಕನೆಯವನು ನಾನೇ.

ಬೆಳಿಗ್ಗೆ ಎದ್ದು ಬಲೂನಿಗೆ ಅನಿಲ ತುಂಬುತ್ತೇನೆ. ಅದರ ಬಾಲಕ್ಕೆ ಪುಟ್ಟ ಯಂತ್ರವೊಂದನ್ನು ಕಟ್ಟಿ ಬಿಟ್ಟರೆ, ಮೇಲಿನ ಗಾಳಿ ಹೇಗಿದೆ, ಎಷ್ಟು ತಣ್ಣಗಿದೆ ಎಂದು ಅದು ಹೇಳುತ್ತಾ ಹೋಗುತ್ತದೆ, ಹೇಳುತ್ತಾ ಹೇಳುತ್ತಾ ಒಡೆಯುತ್ತದೆ. ಅದು ಹೇಳಿದ್ದನ್ನು ನಾವು ವೈರ್‌ಲೆಸ್ಸಿನಲ್ಲಿ ತೀರದ ಕಚೇರಿಗೆ ಒಪ್ಪಿಸುತ್ತೇವೆ. ಆ ಪೆಟ್ಟಿಗೆಯಲ್ಲಿ ಮಳೆ-ಗಾಳಿ ಬಿಟ್ಟು ಬೇರೆ ಮಾತಾಡುವಂತಿಲ್ಲ. ಮೊನ್ನೆ ನನ್ನ ಜೊತೆಯವನು ಹೆಂಡತಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿಕಳಿಸಲು ಹೋಗಿ, ತೀರದ ಕಚೇರಿಯ ಒಂಬತ್ತು ಜನರಿಂದಲೂ ಶುಭಾಶಯ ಪಡೆದ.

ಹಲ್ಲಿನ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು. ಎಲೆ ಸುಡುವ ವಿಷಯಕ್ಕೆ ಈಜುಕೊಳದವರಿಗೆ ಒಂದು ದೂರು ಬರೆ. ನನ್ನ ಮಗಳು ಈಜು ಕಲಿಯಲು ಹೋಗುತ್ತಾಳೆ, ಹೊಗೆ ಕುಡಿಯಲಲ್ಲ ಎಂದು ಗಟ್ಟಿಯಾಗಿ ಬರೆ.

ಗುಂಡಿಯ ಸಾಲು ಅಮೋಘ! ಹತ್ತಿಯಂತೆ, ಯಾರೂ ಮಾತಾಡುತ್ತಿಲ್ಲವಂತೆ! ಈ ವಯಸ್ಸಿಗೆ ನನಗೆ ಇಂಥದ್ದು ಹೊಳೆಯುತ್ತಿರಲಿಲ್ಲ. ಎರಡು ಸಲ ಓದಿದೆ. ಜೋಡಿ ಇಗೋ:

*ಬಲೂನಿನ ತುಂಬಾ ಗಾಳಿ, ಆದರೂ ಅದು ಹಾರಾಡುತ್ತಿಲ್ಲ.*

ಗಾಳಿಯ ಗುಮಾಸ್ತ


ಜೂನ್ 6

ಇವರಿಗೆ,

ಈ ಸಲ ಬೇಗ ಮುಗಿಸುತ್ತೇನೆ. ದೊಡ್ಡ ಯಂತ್ರದ ಬೆಲ್ಟು ಹರಿದಿದೆ, ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಬೆಟ್ಟದಂತೆ ಬಿದ್ದಿವೆ.

ಗುಂಡಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಏಳುವುದು ತಡ. ಬೆಳೆಯುವ ವಯಸ್ಸು. ಈಜಿನ ತರಬೇತಿಯವರು ಅಂಗಡಿಗೆ ಬಂದಿದ್ದರು. "ನಿಮ್ಮ ಮಗಳಿಗೆ ಹುಷಾರಿಲ್ವಾ? ನೀರಿಗಿಳಿದ್ರೆ ಯಾವ ಲೋಕದಲ್ಲೋ ಇರ್ತಾಳೆ" ಅಂದರು. ರಕ್ತ ಕಡಿಮೆ ಇರಬೇಕು ಎಂದೆ. ಕಬ್ಬಿಣಾಂಶದ ಮಾತ್ರೆ ತಂದಿಟ್ಟಿದ್ದೇನೆ.

ದೂರು ಬರೆಯಲಿಲ್ಲ. ನನಗೆ ನಿಮ್ಮ ಹಾಗೆ ಬರೆಯಲು ಬರುವುದಿಲ್ಲ.

ಅವಳ ಕೋಟನ್ನು ಮತ್ತೊಮ್ಮೆ ಒಗೆದೆ. ಜೇಬಿನಲ್ಲಿ ಏನೇನೋ ಇತ್ತು. ನಮ್ಮ ಪದ್ಧತಿಯಂತೆ ಕವರಿಗೆ ಹಾಕಿ, ಕೋಟಿಗೆ ಪಿನ್ ಮಾಡಿ, ಅವಳ ಕೋಣೆಯ ಬಾಗಿಲಿಗೆ ನೇತುಹಾಕಿದೆ. ಅವಳೂ ಲಾಂಡ್ರಿಯಲ್ಲೇ ಬೆಳೆದವಳು, ಆ ಕವರಿನ ಅರ್ಥ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ನೀವು ಅವಳಿಗೆ ಏನಾದರೂ ಬರೆಯಿರಿ. ಏನಾದರೂ ಎಂದರೆ, ಬರೀ ಸಾಲಲ್ಲ. ಅಪ್ಪ ಮಗಳಿಗೆ ಬರೆಯುವಂಥದ್ದು.

*ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಡಿಸಿಟ್ಟರು ನನ್ನ ಕೋಟು.*

ಮೇಲಿನದು ಅವಳದು. ನನಗೆ ತೋರಿಸದೆ, ಕೈ ಅಡ್ಡ ಹಿಡಿದು ಬರೆದಳು. ಅಂಟಿಸುವ ಮುಂಚೆ ನೋಡಿದೆ.

ನಿಮ್ಮವಳು


ಜೂನ್ 24

ಒಡತಿಗೆ,

ನಕ್ಕು ನಕ್ಕು ಸಾಕಾಯಿತು. ಹೆತ್ತ ಮಗಳ ಕೋಟಿಗೂ ಕವರು, ಪಿನ್ನು! ರಸೀದಿಯನ್ನೂ ಕೊಟ್ಟೆಯೋ? ಹದಿನೈದು ದಿನದೊಳಗೆ ಒಯ್ಯದಿದ್ದರೆ ಅಂಗಡಿಯವರು ಜವಾಬ್ದಾರರಲ್ಲ ಎಂದು ಬರೆದೆಯೋ? ಊಟಕ್ಕೆ ಕೂರುವ ಮುಂಚೆ ಇಲ್ಲಿನ ಮೂವರಿಗೂ ಓದಿ ಹೇಳಿದೆ. ಅವರು ನಕ್ಕದ್ದು ನೋಡಿ ಅಡುಗೆಯ ಮೇಲಿನ ಅವರ ಸಿಟ್ಟು ಇಳಿದಿರಬೇಕು ಎಂದುಕೊಂಡೆ; ಊಟವಾದ ಮೇಲೆ ಮತ್ತೆ ಏರಿತು.

ಏನಿತ್ತು ಜೇಬಿನಲ್ಲಿ? ಯಾವನಾದರೂ ಹುಡುಗ ಬರೆದ ಚೀಟಿಯೇ? ಇದ್ದರೆ ಇರಲಿ ಬಿಡು. ಅಕ್ಷರ ದುಂಡಗಿದ್ದರೆ ನನ್ನ ಅಭ್ಯಂತರವಿಲ್ಲ.

ಅವಳಿಗೆ ಬರೆಯಿರಿ ಎಂದಿದ್ದೀಯ. ಬರೆಯುತ್ತಲೇ ಇದ್ದೇನಲ್ಲ! ನಮ್ಮಿಬ್ಬರ ನಡುವೆ ಉಪದೇಶಕ್ಕೆ ಎಡೆಯಿಲ್ಲ, ಪ್ರಾಸಕ್ಕೆ ತಡೆಯಿಲ್ಲ. ಅವಳು ಬೆಳೆಯುತ್ತಿದ್ದಾಳೆ, ಸಾಲೂ ಬೆಳೆಯುತ್ತಿದೆ. ಮಡಿಸಿಟ್ಟರು ನನ್ನ ಕೋಟು! ನಿನ್ನ ಮೇಲೆ ಬರೆದ ಚಾಡಿ, ಎಷ್ಟು ಚೆಂದ ಮಾಡಿ.

*ಗೊತ್ತಿಲ್ಲದೆ ಅಲೆ ಬಂದು ಎತ್ತಿಕೊಂಡು ಹೋಯಿತು ನನ್ನ ಬೂಟು.*

ಇದು ಸುಳ್ಳಲ್ಲ. ಎಡಗಾಲಿನದು. ಈಗ ಒಂದು ಬೂಟು, ಒಂದು ಚಪ್ಪಲಿ ಹಾಕಿಕೊಂಡು ರಾಷ್ಟ್ರದ ಹವಾಮಾನ ಕಾಯುತ್ತಿದ್ದೇನೆ.

ಸಮುದ್ರ ಕೆರಳುತ್ತಿದೆ. ಇನ್ನು ದೋಣಿ ಬಂದಾಗ ಬಂತು.

ಒಂಟಿ ಬೂಟಿನವ


ಜುಲೈ 13

ಇವರಿಗೆ,

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡಿ. ನನ್ನ ಬಲಗೈಗೆ ಯಂತ್ರದ ಹಬೆ ತಾಗಿದೆ. ನಾನು ಹೇಳುತ್ತಿದ್ದೇನೆ, ಗುಂಡಿ ಬರೆಯುತ್ತಿದ್ದಾಳೆ. ಹೆಚ್ಚೇನಿಲ್ಲ, ಚರ್ಮ ಸ್ವಲ್ಪ ಸುಲಿದಿದೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ.

ಅಂಗಡಿ ನಾಲ್ಕು ದಿನ ಮುಚ್ಚಿತ್ತು. ಗೋಡೆಗೆ ಸುಣ್ಣ ಹೊಡೆಸಿದೆ. ಬಹಳ ದಿನದಿಂದ ಹೊಡೆಸಬೇಕು ಎಂದಿತ್ತಲ್ಲ. ಬೆಲ್ಟು ಹಾಕಿಸಿಯಾಯಿತು. ಹೊಸ ಇಸ್ತ್ರಿ ಮೇಜು ತಂದಿದ್ದೇನೆ, ಹಳೆಯದು ಹಳೆಯದಾಗಿತ್ತು. ಗುಂಡಿ ಚೆನ್ನಾಗಿದ್ದಾಳೆ. ಓದಿನಲ್ಲಿ ಗಮನ ಇದೆ. ನಿಮ್ಮ ಬೂಟಿನ ಅಳತೆ ತಿಳಿಸಿ.

ನಿಮ್ಮವಳು

ಅಪ್ಪಾ,

ಇಲ್ಲಿಯವರೆಗೆ ಅಮ್ಮ ಹೇಳಿದ್ದು. ಇಲ್ಲಿಂದ ನಾನು. ಅವಳು ಒಳಗೆ ಹೋಗಿದ್ದಾಳೆ, ಅಂಟಿಸಿ ಅಂಚೆಗೆ ಹಾಕು ಅಂದಿದ್ದಾಳೆ. ಅವಳಿಗೆ ಇದು ಗೊತ್ತಿಲ್ಲ.

ಹಬೆ ಅಲ್ಲ, ಬೆಂಕಿ. ಈಜುಕೊಳದ ಹಿಂದೆ ಸುಡುವುದು ಎಲೆ ಹೌದು, ಆದರೆ ಕಸದ ಎಲೆ ಅಲ್ಲ. ಗಾಂಜಾ. ನಾನು ಸೇದುತ್ತೇನೆ ಅಪ್ಪಾ. ಹಿಂದಿನ ವರ್ಷ ಭುಜ ನೋವಾಗಿ ತಂಡದಿಂದ ಹೊರಗೆ ಕೂತಿದ್ದಾಗ ಶುರುವಾದದ್ದು. ಮೊದಲು ನಗು ಬರುತ್ತಿತ್ತು, ಅದಕ್ಕೆ. ಆಮೇಲೆ ನಿದ್ದೆಗೆ. ಈಗ ಯಾವುದಕ್ಕೆ ಅಂತ ಗೊತ್ತಿಲ್ಲ.

ಅವತ್ತು ಸೇದಿಯೇ ಅಂಗಡಿಗೆ ಬಂದಿದ್ದೆ. ವಕೀಲರ ಕರಿ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಇಟ್ಟಿದ್ದು ಗೊತ್ತಿತ್ತು. ಎತ್ತಬೇಕು ಅನ್ನುವುದೂ ಗೊತ್ತಿತ್ತು. ಅವೆರಡರ ನಡುವೆ ತುಂಬಾ ದೂರ ಇದ್ದ ಹಾಗಿತ್ತು. ಹೊಗೆ ಏಳುವುದನ್ನು ನೋಡುತ್ತಾ ಕೂತಿದ್ದೆ. ಚೆನ್ನಾಗಿ ಕಾಣುತ್ತಿತ್ತು. ಅಮ್ಮ ಓಡಿ ಬಂದಾಗ ಮೇಜಿನ ಹಾಸುಬಟ್ಟೆಗೆ ಬೆಂಕಿ ಹತ್ತಿಕೊಂಡಿತ್ತು. ಅವಳು ಕೈಯಿಂದಲೇ ಬಡಿದು ಬಡಿದು ಆರಿಸಿದಳು. ಮೇಜಿನ ಕೆಳಗೆ ಕಲೆ ತೆಗೆಯುವ ಸ್ಪಿರಿಟ್ಟಿನ ಕ್ಯಾನು ಇತ್ತು.

ಬೆಂಕಿ ಆರಿದ ಮೇಲೆ ನನ್ನ ಕಣ್ಣು ನೋಡಿದಳು. ಮೂಗಿಗೂ ವಾಸನೆ ಬಡಿದಿತ್ತು, ಅವಳ ಮೂಗು ನಿನಗೆ ಗೊತ್ತಲ್ಲ. ಏನಂದಳು ಹೇಳು? "ವಕೀಲರಿಗೆ ಹೊಸ ಕೋಟು ಹೊಲಿಸಿ ಕೊಡ್ಬೇಕು." ಅಷ್ಟೇ. ಆಮೇಲೆ ಸುಣ್ಣ ಹೊಡೆಯುವವರಿಗೆ ಹೇಳಿಕಳಿಸಿದಳು.

ಆ ಕವರಿನಲ್ಲಿ ಏನಿತ್ತು ಅಂತ ನಿನಗೆ ಬರೆದಳಾ? ಬರೆದಿರಲಿಕ್ಕಿಲ್ಲ. ಅದೇ ಇತ್ತು, ಸುತ್ತುವ ಕಾಗದದ ಸಮೇತ. ಅದನ್ನು ಕವರಿಗೆ ಹಾಕಿ, ಬಾಯಿ ಮಡಿಸಿ, ನೀಟಾಗಿ ಪಿನ್ ಮಾಡಿ ನನ್ನ ಬಾಗಿಲಿಗೆ ನೇತುಹಾಕಿದ್ದಳು. ಎರಡು ದಿನ ಭಯದಲ್ಲೇ ಕಾದೆ, ಇವತ್ತು ಕೇಳುತ್ತಾಳೆ, ಇವತ್ತು ಬೈಯುತ್ತಾಳೆ ಅಂತ. ಅವಳು ಊಟಕ್ಕೆ ಕರೆದಳು, ಮಾತ್ರೆ ಕೊಟ್ಟಳು. ಭಯ ಹೋಯಿತು. ಭಯ ಹೋದ ಮೇಲೆ ಏನು ಬಂತೋ ಅದು ಭಯಕ್ಕಿಂತ ಕೆಟ್ಟದಾಗಿತ್ತು. ಗಿರಾಕಿಯ ವಸ್ತು ಗಿರಾಕಿಗೆ. ನಾನೇನು ಇವಳ ಗಿರಾಕಿಯಾ?

ನಿನಗೂ ಹೇಳಿದ್ದೆ. ಹತ್ತಿ ಅಂತ ಬರೆದೆ, ನೀನು ಬಲೂನು ಅಂದೆ. ಕೋಟು ಅಂತ ಬರೆದೆ, ಬೂಟು ಅಂದೆ. ನಾನು ಮುಳುಗಿದೆ ಅಂತ ಬರೆದಿದ್ದರೂ ನೀನು ದೀಪ ಬೆಳಗಿದೆ ಅಂತ ಬರೆದು ಕಳಿಸುತ್ತಿದ್ದೆ.

ಈ ಸಲ ಸಾಲು ಇಲ್ಲ.


ಆಗಸ್ಟ್ 2

ಪತ್ರ ನಿನ್ನೆ ತಲುಪಿತು. ಒಕ್ಕಣೆಗೆ ವ್ಯವಧಾನವಿಲ್ಲ.

ನಿನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಆ ವಾಸನೆ ಯಾವುದೆಂದು ನಿನ್ನ ಮೂಗಿಗೆ ಗೊತ್ತಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಅಂಗಿ ಮೂಸಿ ಮದುವೆ ಮನೆಯದೋ ಸಾವಿನ ಮನೆಯದೋ ಹೇಳುವವಳು ನೀನು. ಗೊತ್ತಿದ್ದೂ ಸೋಪು ಬದಲಾಯಿಸಿದೆ! ಕೈಗೆ ಸಿಕ್ಕಿದ ವಿಷವನ್ನು ಕವರಿಗೆ ಹಾಕಿ ಅವಳಿಗೇ ವಾಪಸ್ಸು ಕೊಟ್ಟೆ! ಅಂಗಡಿ ಉರಿದು ಇಬ್ಬರೂ ಬೂದಿಯಾಗಿದ್ದರೆ ನನಗೆ ವೈರ್‌ಲೆಸ್ಸಿನಲ್ಲಿ ಗೊತ್ತಾಗುತ್ತಿತ್ತು, ಗಾಳಿಯ ವೇಗ ಕೇಳುವ ಮಧ್ಯದಲ್ಲಿ.

ಇವತ್ತಿನಿಂದ ಅವಳ ಈಜು ಬಂದ್, ಫೋನು ಬಂದ್, ಸ್ನೇಹಿತರು ಬಂದ್. ಶಾಲೆಗೆ ನೀನೇ ಕರೆದುಕೊಂಡು ಹೋಗು, ನೀನೇ ಕರೆದುಕೊಂಡು ಬಾ. ಕೋಣೆಗೆ ಹೊರಗಿನಿಂದ ಬೀಗ ಹಾಕು. ನಾನು ಇಂಥ ಮಗಳನ್ನು ಬೆಳೆಸಲಿಲ್ಲ.

ಆಗಸ್ಟ್ 9

ದೋಣಿ ಬಂದಿಲ್ಲ. ಸಮುದ್ರ ಇನ್ನೂ ಇಳಿದಿಲ್ಲ. ಮೇಲಿನದು ಹಾಗೇ ಉಳಿದಿದೆ. ಹರಿದು ಹಾಕಬಹುದಿತ್ತು, ಹರಿಯುವುದಿಲ್ಲ. ಅದನ್ನು ಬರೆದವನೂ ನಾನೇ. ಇದನ್ನು ಇಬ್ಬರೂ ಒಟ್ಟಿಗೆ ಕೂತು ಓದಿ.

ಪತ್ರ ಬಂದ ದಿನ ವೈರ್‌ಲೆಸ್ಸಿನ ಮುಂದೆ ಕೂತೆ. ಮನೆಗೆ ಹೇಗಾದರೂ ಮಾತು ಮುಟ್ಟಿಸಿ ಎಂದು ಕೇಳಬೇಕೆಂದಿದ್ದೆ. ಆ ಕಡೆಯವನು, "ಹೇಳಿ ಸಾರ್, ಗಾಳಿ ಎಷ್ಟು?" ಅಂದ. ಗಾಳಿ ಎಷ್ಟೆಂದು ಹೇಳಿದೆ. ಸ್ಪಷ್ಟವಾಗಿ, ಸರಿಯಾಗಿ ಹೇಳಿದೆ. ಎದ್ದು ಬಂದೆ.

ಒಡತಿ, ನಿನಗೆ ಬೈದಿದ್ದೇನೆ. ಆದರೆ ನೀನು ನನಗೆ ಕೋಟಿನ ವಾಸನೆ ಬರೆದೆ, ಕವರು ಬರೆದೆ, ಏನಾದರೂ ಬರೆಯಿರಿ ಎಂದೆ. ನಿನ್ನ ಕೈಯಲ್ಲಿ ಎಷ್ಟಾಯಿತೋ ಅಷ್ಟು ಬರೆದೆ. ನಾನು ಅದನ್ನು ಊಟದ ಹೊತ್ತಿಗೆ ಹಾಸ್ಯ ಮಾಡಿ ಹಂಚಿದೆ.

ಗುಂಡಿ, ನಿನ್ನ ಎಲ್ಲ ಸಾಲನ್ನೂ ಹರವಿಕೊಂಡು ಕೂತಿದ್ದೇನೆ. ಹತ್ತಿಯ ಸಾಲು ಬಂದಾಗ ಎರಡು ಸಲ ಓದಿದೆ ಎಂದು ಬರೆದಿದ್ದೆನಲ್ಲ, ಎರಡನೆಯ ಸಲ ಓದಿದ್ದು ಏನೋ ಚುಚ್ಚಿದ್ದಕ್ಕೆ. ಅಷ್ಟರಲ್ಲಿ "ಹಾರಾಡುತ್ತಿಲ್ಲ" ಹೊಳೆಯಿತು. ಹೊಳೆದದ್ದೇ ಖುಷಿಯಾಯಿತು, ಚುಚ್ಚಿದ್ದು ಮರೆತುಹೋಯಿತು. ದಿನಾ ಬಲೂನು ಕಳಿಸಿ ಮೇಲೆ ಏನಾಗುತ್ತಿದೆ ಎಂದು ಕೇಳುವವನು, ನಿನ್ನ ಸಾಲಿನ ಕೊನೆಯ ಅಕ್ಷರ ಮಾತ್ರ ಕೇಳಿಸಿಕೊಂಡೆ.

ಈಗ ಕೇಳುತ್ತೇನೆ. ತಲೆಯಲ್ಲಿ ಹತ್ತಿ ತುಂಬುವುದು ಸೇದಿದಾಗಲೋ, ಸೇದದೆ ಇದ್ದಾಗಲೋ? ಒಳಗೆ ಯಾರು ಮಾತಾಡುತ್ತಿಲ್ಲ? ಭುಜ ಈಗ ಹೇಗಿದೆ? ಅದನ್ನೂ ನಾನು ಕೇಳಿರಲಿಲ್ಲ. ಬಿಡಬೇಕು ಅನಿಸಿದೆಯೋ, ಇಲ್ಲವೋ? ಇಲ್ಲ ಅನ್ನಿಸಿದ್ದರೆ ಇಲ್ಲ ಎಂದೇ ಬರೆ.

ಬೀಗದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇಸ್ತ್ರಿ ಪೆಟ್ಟಿಗೆಯ ಮಾತು ಹೊಸದಾಗಿ ಸೇರಿಸುತ್ತೇನೆ: ಸದ್ಯಕ್ಕೆ ಮುಟ್ಟಬೇಡ. ಈ ವಿಷಯದಲ್ಲಿ ಚೌಕಾಸಿ ಇಲ್ಲ.

ಅಪ್ಪ


ಆಗಸ್ಟ್ 30

ಇವರಿಗೆ,

ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಹೆಬ್ಬೆರಳು ಇನ್ನೂ ಪೂರ್ತಿ ಮಡಿಸುವುದಿಲ್ಲ, ಅಕ್ಷರ ಅದಕ್ಕೆ ಹೀಗಿದೆ.

ನಿಮ್ಮ ಪತ್ರ ಬರುವವರೆಗೆ ಅವಳು ಏನು ಬರೆದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಅವಳು ನನ್ನ ಕೈಯ ಬಟ್ಟೆ ಬದಲಾಯಿಸಿದ್ದಾಳೆ, ತಲೆ ಬಾಚಿದ್ದಾಳೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಅವಳು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಳು, ನಾನು ಕೈ ವಾಸಿಯಾಗುವುದಕ್ಕೆ ಕಾಯುತ್ತಿದ್ದೆ.

ಒಟ್ಟಿಗೆ ಓದಿ ಎಂದಿರಿ. ಅಂಗಡಿಯಲ್ಲೇ ಓದಿದೆವು, ಸಂಜೆ ಬಾಗಿಲು ಅರ್ಧ ಎಳೆದು. ನಾನು ಕಟ್ಟೆಯ ಈಚೆಗೆ ಸ್ಟೂಲಿನ ಮೇಲೆ, ಅವಳು ಆಚೆಗೆ ಗಿರಾಕಿಗಳು ನಿಲ್ಲುವ ಕಡೆ. ಬೈಗುಳದ ಭಾಗ ನಾನು ಓದಿದೆ, ಉಳಿದದ್ದು ಅವಳು ಓದಿದಳು. ಬೀಗದ ಮಾತಿಗೆ ನಗು ಬಂತು. ಯಾವ ಬೀಗ? ಅವಳ ಕೋಣೆಯ ಚಿಲಕ ನೀವೇ ಮುರಿದು ಎರಡು ವರ್ಷವಾಯಿತು.

ನಿಮ್ಮ ಸಿಟ್ಟಿಗೆ ಉತ್ತರ ಕೊಡುತ್ತೇನೆ. ಹೌದು, ಮೊದಲ ದಿನವೇ ಗೊತ್ತಾಗಿತ್ತು. ಒಗೆದರೆ ಹೋಗುತ್ತದೆ ಎಂದುಕೊಂಡೆ. ನಗಬೇಡಿ. ಇಪ್ಪತ್ತು ವರ್ಷದಿಂದ ನನ್ನ ಕೈಗೆ ಬಂದದ್ದೆಲ್ಲ ಒಗೆದರೆ ಹೋಗಿದೆ. ಆಮೇಲೆ ಜೇಬಿನಲ್ಲಿ ಅದೇ ಸಿಕ್ಕಿತು. ಒಲೆಗೆ ಹಾಕಲೇ, ಚರಂಡಿಗೆ ಹಾಕಲೇ, ಅವಳ ಮುಖಕ್ಕೇ ಹಿಡಿಯಲೇ ಎಂದು ಯೋಚಿಸುತ್ತಿರುವಾಗ ಕೈ ತನ್ನಷ್ಟಕ್ಕೆ ತಾನು ಕವರು ಹುಡುಕಿತು. ಪಿನ್ ಚುಚ್ಚಿದ ಮೇಲೆ, ಹೌದು, ಇದೇ ಸರಿ, ಅಮ್ಮನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾದರೆ ಸಾಕು, ನಾಚಿಕೊಂಡು ಬಿಡುತ್ತಾಳೆ ಎಂದುಕೊಂಡೆ. ಬಾಯಿ ಬಿಟ್ಟು ಕೇಳಿದರೆ ಎದ್ದು ಹೋಗಿಬಿಡುತ್ತಾಳೆ ಎಂಬ ಭಯ. ನೀವಂತೂ ಬಂಡೆಯ ಮೇಲೆ. ಅವಳೂ ಹೋದರೆ ನಾನು ಊರಿನವರ ಬಟ್ಟೆಗಳ ನಡುವೆ.

ಇದನ್ನೇ ಅವಳಿಗೂ ಹೇಳಿದೆ. "ಪಕ್ಕದ ಅಂಗಡಿ ಹುಡುಕ್ತೀನಿ ಅಂದ್ಕೊಂಡ್ಯಾ?" ಅಂದಳು.

"ಅಂದ್ಕೊಂಡೆ" ಅಂದೆ.

"ಅಮ್ಮಾ, ನೀನು ಆ ಮೇಷ್ಟ್ರ ಹಲ್ಲಿಗೂ ನನಗೂ ಒಂದೇ ಕವರು ಹಾಕಿದೀಯ."

ಅತ್ತಳು. ನಾನೂ ಅತ್ತೆ. ಆಮೇಲೆ, ನಮ್ಮಪ್ಪ ಕೇಳಬಾರದು ಎಂದಿದ್ದನ್ನು ಕೇಳಿದೆ. "ಹೇಗೆ ಶುರುವಾಯ್ತು, ಹೇಳು."

ಹೇಳಿದಳು. ಭುಜದ ನೋವಿನ ಕಾಲದಲ್ಲಿ ತಂಡದ ಇಬ್ಬರು ದೊಡ್ಡ ಹುಡುಗಿಯರು ಕೊಟ್ಟರಂತೆ. ನೀರಿಲ್ಲದೆ ಸಂಜೆಗಳು ಉದ್ದವಾಗಿದ್ದವಂತೆ. ನೀವು ಹೋದ ಮೇಲೆ ಮನೆಯಲ್ಲಿ ಯಂತ್ರದ ಸದ್ದು ಬಿಟ್ಟರೆ ಸದ್ದೇ ಇಲ್ಲವಂತೆ. ಒಳಗೆ ಯಾರು ಮಾತಾಡುತ್ತಿಲ್ಲ ಎಂದು ಕೇಳಿದ್ದೀರಲ್ಲ, ಒಳಗೆ ಎಂದರೆ ತಲೆಯೊಳಗಲ್ಲ, ಮನೆಯೊಳಗೆ.

ಆಮೇಲೆ ಬೈದೆ. ಚೆನ್ನಾಗಿಯೇ ಬೈದೆ. ಸ್ಪಿರಿಟ್ಟಿನ ಕ್ಯಾನು ಕಟ್ಟೆಯ ಮೇಲಿಟ್ಟು ಬೈದೆ. "ಇದಕ್ಕೆ ಕಾಯ್ತಿದ್ಯಾ?" ಅಂದೆ. "ಸ್ವಲ್ಪ" ಅಂದಳು.

ನನ್ನ ಕೈ ನೋಡುವ ಡಾಕ್ಟರ ಹತ್ತಿರವೇ ಅವಳನ್ನೂ ಕರೆದುಕೊಂಡು ಹೋದೆ. ಅವರು ನನ್ನನ್ನು ಹೊರಗೆ ಕೂರಿಸಿ ಅವಳೊಬ್ಬಳ ಹತ್ತಿರ ಮಾತಾಡಿದರು. ಹೊರಗೆ ಕೂತು ಹಲ್ಲುಜ್ಜುವುದು ಹೇಗೆ ಎಂಬ ಚಿತ್ರಪಟ ಬಾಯಿಪಾಠ ಮಾಡಿದೆ. ಬಿಟ್ಟ ಮೇಲೆ ಕೆಲವು ದಿನ ನಿದ್ದೆ ಬರುವುದಿಲ್ಲ, ಮೂಗಿನ ತುದಿಯಲ್ಲೇ ಕೋಪ ಇರುತ್ತದೆ, ಜಾರಿದರೂ ಹೇಳುವ ಧೈರ್ಯ ಅವಳಿಗಿರಬೇಕು, ಕೇಳುವ ತಾಳ್ಮೆ ನಿಮಗಿರಬೇಕು ಎಂದರು. ವಾರಕ್ಕೊಮ್ಮೆ ಹೋಗುತ್ತಿದ್ದೇವೆ. ಈಜುಕೊಳಕ್ಕೆ ಬೆಳಗಿನ ಹೊತ್ತು ಹೋಗುತ್ತಾಳೆ, ಆ ಹುಡುಗಿಯರಿಲ್ಲದ ಹೊತ್ತು. ಇಸ್ತ್ರಿ ಮುಟ್ಟುವುದಿಲ್ಲ, ಅಂಗಡಿಯಲ್ಲಿ ಚೀಟಿ ಬರೆಯುತ್ತಾಳೆ, ಗಿರಾಕಿಗಳ ಮೇಲೆ ಸಿಡುಕುತ್ತಾಳೆ. ಹಲ್ಲಿನ ಮೇಷ್ಟ್ರು, "ಮಗಳು ಥೇಟ್ ನಿಮ್ಮ ಹಾಗೆ" ಎಂದು ಹೇಳಿ ಹೋದರು.

ಎಲ್ಲ ಸರಿಹೋಯಿತು ಎಂದು ಬರೆಯಲು ಕೈ ಬರುತ್ತಿಲ್ಲ. ಮೊನ್ನೆ ಬಾಗಿಲು ದಢಾರನೆ ಹಾಕಿಕೊಂಡು, ನನ್ನಿಂದಲೇ ಅವಳಿಗೆ ಹುಚ್ಚು ಹಿಡಿಯುತ್ತದೆ ಎಂದಳು. ನಾನು ಅವಳ ಕೋಟು ಮೂಸುವುದನ್ನು ಬಿಟ್ಟಿಲ್ಲ. ಬಿಟ್ಟಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ.

ಕೆಳಗೆ ಜಾಗ ಬಿಟ್ಟಿದ್ದೇನೆ. ಬರೆದರೆ ಬರೆಯಲಿ. ಈ ಸಲ ಅಂಟಿಸುವ ಮುಂಚೆ ನೋಡುವುದಿಲ್ಲ.

ನಿಮ್ಮವಳು

*ಅಪ್ಪಾ, ಸಾಲು ಒಂದೇ ಇದೆ: ನಿನ್ನೆ ಮತ್ತೆ ಸೇದಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕು ಅಂದುಕೊಂಡಿದ್ದೇನೆ. ನಿನಗೆ ಮೊದಲು ಹೇಳಿದರೆ ಆಮೇಲೆ ತಪ್ಪಿಸಿಕೊಳ್ಳುವ ಹಾಗಿರುವುದಿಲ್ಲ, ಅದಕ್ಕೆ.*


ಸೆಪ್ಟೆಂಬರ್ 14

ಗುಂಡಿಗೆ,

ದೋಣಿಯವನು ಹೊರಡುವ ಅವಸರದಲ್ಲಿದ್ದಾನೆ. ಕಾಯಲಿ.

ನಿನ್ನ ಸಾಲು ಬಂತು. ಕೋಪವೂ ಬಂತು. ಕೇಳಬೇಕು ಎಂದೂ ಇದೆ. ಎರಡನ್ನೂ ಇದೇ ದೋಣಿಯಲ್ಲಿ ಕಳಿಸುತ್ತಿದ್ದೇನೆ, ಯಾವುದನ್ನೂ ಮುಚ್ಚಿಟ್ಟಿಲ್ಲ.

ಅವತ್ತು ಸೇದುವ ಮುಂಚೆ ಏನಾಗಿತ್ತು? ಯಾರಾದರೂ ಏನಾದರೂ ಅಂದರೋ, ಯಾರೂ ಏನೂ ಅನ್ನಲಿಲ್ಲವೋ? ಆಮೇಲೆ ಹೇಗಿತ್ತು? ಅಮ್ಮನಿಗೆ ಹೇಳಿದೆಯಾ? ಹೇಳಿದ್ದರೆ ಅವಳು ಏನೆಂದಳು, ಅವಳ ಮಾತಿನಲ್ಲೇ ಬರೆ. ಹೇಳಿಲ್ಲವಾದರೆ, ಈ ಕಾಗದವನ್ನು ಮಡಿಸಬೇಡ. ಬಿಚ್ಚಿಕೊಂಡೇ ಅವಳ ಹತ್ತಿರ ಹೋಗು. ಅವಳು ಕವರು ಹುಡುಕಿದರೆ ಕೈ ಹಿಡಿದುಕೋ, ಎಡಗೈ ಹಿಡಿದುಕೋ.

ಉದ್ದವಾಗಿ ಬರೆ. ಸಾಲಿಗೆ ಜೋಡಿ ಈ ಸಲ ಬರೆದಿಲ್ಲ. ಒಂದು ಬಾಯಿಗೆ ಬಂದಿತ್ತು, ಚೆನ್ನಾಗಿಯೂ ಇತ್ತು. ಬರೆಯಲಿಲ್ಲ.

ಅಪ್ಪ